ದೇವದೂತನ ಪಾರ್ಟು ಕಟ್ಟುವುದು ಹೇಗೆ? ‘ಇನ್ ನೋಮಿನೆ’ ಶುರು ಮಾಡುವವರಿಗೆ

‘ಆ ದೇವದೂತರ ಆಟ ನಮಗೂ ಹೇಳಿಕೊಡಿ’ ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಅವರಲ್ಲಿ ಅರ್ಧ ಜನ ಪುಸ್ತಕ ತೆರೆದವರೇ. ಸೆರಾಫಿಮ್, ಓಫಾನಿಮ್, ಡಿಸ್ಸೊನೆನ್ಸ್ ಎಂಬ ಹೆಸರುಗಳ ಸಂತೆಯಲ್ಲಿ ತಲೆ ಕೆಟ್ಟು ಮುಚ್ಚಿಟ್ಟಿದ್ದಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಈ ಲೇಖನ. ನಾವು ಆಡುವುದು ತುಮಕೂರಿನಲ್ಲಿ, ಹಾಗಾಗಿ ಉದಾಹರಣೆಗಳೂ ಇಲ್ಲಿಯವೇ.

ಏನೂ ಗೊತ್ತಿಲ್ಲದವರಿಗೆ ಎರಡು ಮಾತು. ‘ಇನ್ ನೋಮಿನೆ’ ಲ್ಯಾಟಿನ್ ಮಾತು, ‘ಹೆಸರಿನಲ್ಲಿ’ ಎಂದರ್ಥ. ಅಮೆರಿಕದ ಸ್ಟೀವ್ ಜಾಕ್ಸನ್ ಗೇಮ್ಸ್ ಇದನ್ನು 1997ರಲ್ಲಿ ತಂದಿತು. ಇದರ ಬೇರು 1989ರ ಒಂದು ಫ್ರೆಂಚ್ ಆಟದಲ್ಲಿದೆ. ಇದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ. ಬೋರ್ಡ್ ಇಲ್ಲ, ಕಾಯಿ ಇಲ್ಲ. ಮಾತು ಬರೆದಿಡದ ನಾಟಕ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಒಂದು ಪಾರ್ಟು ಇರುತ್ತದೆ. ‘ನಾನು ಹೀಗೆ ಮಾಡ್ತೀನಿ’ ಎಂದು ನೀವು ಹೇಳಬೇಕು, ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಕಥೆ ನಡೆಸುವ ಒಬ್ಬರು ಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿ ಅವರು ಜಿಎಂ, ಅಂದರೆ ಗೇಮ್ ಮಾಸ್ಟರ್. ನಮ್ಮ ಕಡೆ ಊರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ನೆನಪಲ್ಲಿ ನಾವು ‘ಮೇಷ್ಟ್ರು’ ಎನ್ನುತ್ತೇವೆ. ಈ ಲೇಖನದಲ್ಲೂ ಹಾಗೇ.

1. ಸಾಮಾನು

ಮೂಲ ನಿಯಮ ಪುಸ್ತಕ ಒಂದು ಸಾಕು. ಪ್ರಕಾಶಕರ ಆನ್‌ಲೈನ್ ಅಂಗಡಿಯಲ್ಲಿ ಪಿಡಿಎಫ್ ಸಿಗುತ್ತದೆ. ಓದಬೇಕಾದ್ದು ಮೇಷ್ಟ್ರು ಮಾತ್ರ, ಉಳಿದವರು ಓದದೆ ಬಂದರೂ ನಡೆಯುತ್ತದೆ. ಮೇಷ್ಟ್ರು ಸೇರಿ ನಾಲ್ಕೈದು ಜನ, ಮೂರು ಗಂಟೆ ಬಿಡುವು, ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ಅಂಕಿ ಅಳಿಸುತ್ತಲೇ ಇರಬೇಕಾಗುತ್ತದೆ.

ದಾಳಕ್ಕಾಗಿ ದುಬಾರಿ ಸೆಟ್ ತರಿಸಬೇಡಿ. ಆರು ಮುಖದ ಮಾಮೂಲಿ ದಾಳ ಮೂರು ಬೇಕು, ಅಷ್ಟೇ. ಮಕ್ಕಳ ಲೂಡೊ ಡಬ್ಬಿಗಳಿಂದ ಎತ್ತಿಕೊಳ್ಳಿ. ಒಂದು ದಾಳದ ಬಣ್ಣ ಮಾತ್ರ ಬೇರೆ ಇರಲಿ. ಇಲ್ಲದಿದ್ದರೆ ಅದಕ್ಕೆ ನೇಲ್ ಪಾಲಿಶ್ ಹಚ್ಚಿ. ಯಾಕೆ ಎಂದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

2. ಹೆಸರುಗಳನ್ನು ಪಳಗಿಸಿಕೊಳ್ಳುವುದು

ಪುಸ್ತಕ ಮುಚ್ಚಿಡುವವರು ಮುಚ್ಚಿಡುವುದೇ ಇಲ್ಲಿ. ಹೆಸರಿನ ಕೊನೆಯ ‘ಇಮ್’ ನೋಡಿ ಹೆದರಬೇಡಿ. ಅದು ಹೀಬ್ರೂ ಭಾಷೆಯ ಬಹುವಚನ, ನಮ್ಮ ‘ಗಳು’ ಇದ್ದಂತೆ. ಒಬ್ಬ ಸೆರಾಫ್, ಹಲವರು ಸೆರಾಫಿಮ್. ಕನ್ನಡ ಬೈಬಲಿನಲ್ಲಿ ಸೆರಾಫಿ, ಕೆರೂಬಿ ಎಂದು ಈಗಾಗಲೇ ಇವೆ.

ಆಟದ ಇಡೀ ಜಗತ್ತು ಒಂದು ಸಂಗೀತ. ಅದರ ಹೆಸರು ಸಿಂಫನಿ. ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆದ ದೂತ ಆ ಸಂಗೀತದಲ್ಲಿ ಶ್ರುತಿ ತಪ್ಪುತ್ತಾನೆ. ಅದು ಡಿಸ್ಸೊನೆನ್ಸ್. ಕನ್ನಡದಲ್ಲಿ ಇದಕ್ಕೆ ‘ಅಪಶ್ರುತಿ’ ಎಂಬ ಮಾತು ರೆಡಿಯಾಗಿ ಕೂತಿದೆ, ಅದನ್ನೇ ಬಳಸಿ. ಪ್ರತಿ ದೂತನಿಗೂ ಹುಟ್ಟಿನಿಂದ ಬಂದ ಒಂದು ಶಕ್ತಿ ಇರುತ್ತದೆ, ಅದು ರೆಸೊನೆನ್ಸ್. ನಾವು ‘ಮಿಡಿತ’ ಎನ್ನುತ್ತೇವೆ. ಎಸೆನ್ಸ್ ಎಂದರೆ ಖರ್ಚು ಮಾಡುವ ಸತ್ವ. ವೆಸೆಲ್ ಎಂದರೆ ಪಾತ್ರೆ ಪಗಡ ಅಲ್ಲ, ದೂತ ಭೂಮಿಯಲ್ಲಿ ತೊಡುವ ಮೈ. ಆ ಮೈಗೆ ಊರಿನಲ್ಲಿರುವ ಹೆಸರು, ಕೆಲಸ, ಗುರುತು ಎಲ್ಲ ಸೇರಿ ‘ರೋಲ್’. ಇದಕ್ಕೆ ‘ವೇಷ’ ಸರಿಹೊಂದುತ್ತದೆ.

ಎರಡು ಕಡೆ ಜೋಪಾನ. ಏಂಜಲ್, ಡೀಮನ್ ಎಂದಿದ್ದನ್ನು ದೇವ, ಅಸುರ ಮಾಡಬೇಡಿ. ನಮ್ಮ ಅಸುರರು ತಪಸ್ಸು ಮಾಡುತ್ತಾರೆ, ವರ ಪಡೆಯುತ್ತಾರೆ, ಬಲಿಯಂಥವನು ದಾನಕ್ಕೇ ಹೆಸರಾದವನು. ಈ ಆಟದ ಡೀಮನ್ ಆ ಜಾತಿಯಲ್ಲ. ಲೂಸಿಫರ್ ಎಂಬ ದೂತ ದೇವರ ವಿರುದ್ಧ ದಂಗೆ ಎದ್ದಾಗ ಕೆಳಗೆ ಬಿದ್ದವರು, ಆಮೇಲೆ ನರಕದಲ್ಲಿ ಹುಟ್ಟಿದವರು ಇವರು. ದೇವದೂತ, ಸೈತಾನ ಎಂದರೆ ಸಾಕು.

ಇನ್ನೊಂದು ಡೆಸ್ಟಿನಿ ಮತ್ತು ಫೇಟ್. ಕನ್ನಡಕ್ಕೆ ತಂದರೆ ಎರಡೂ ‘ಹಣೆಬರಹ’ ಆಗಿಬಿಡುತ್ತವೆ, ಆಟ ಅಲ್ಲಿಗೆ ಕೆಟ್ಟಿತು. ಈ ಆಟದಲ್ಲಿ ಡೆಸ್ಟಿನಿ ಎಂದರೆ ಒಬ್ಬ ಮನುಷ್ಯ ಮಾಡಬಹುದಾದ ಅತ್ಯಂತ ಒಳ್ಳೆಯ ಕೆಲಸ, ಫೇಟ್ ಎಂದರೆ ಅವನೇ ಮಾಡಬಹುದಾದ ಅತ್ಯಂತ ಕೆಟ್ಟ ಕೆಲಸ. ಯಾವುದೂ ಬರೆದಿಟ್ಟಿಲ್ಲ, ಎರಡೂ ಅವನ ಕೈಯಲ್ಲೇ ಇವೆ. ಮೊದಲನೆಯದನ್ನು ಮುಟ್ಟಿದವನಿಗೆ ಸ್ವರ್ಗ, ಎರಡನೆಯದನ್ನು ಮುಟ್ಟಿದವನಿಗೆ ನರಕ. ನಮ್ಮ ಟೇಬಲ್‌ನಲ್ಲಿ ಅವು ‘ಎತ್ತರ’ ಮತ್ತು ‘ಹಳ್ಳ’. ದೂತರೂ ಸೈತಾನರೂ ಗುಟ್ಟಾಗಿ ಕಿತ್ತಾಡುವುದು ಇದಕ್ಕೇ: ಈ ಮನುಷ್ಯ ಎತ್ತರಕ್ಕೆ ಹತ್ತುತ್ತಾನೋ, ಹಳ್ಳಕ್ಕೆ ಬೀಳುತ್ತಾನೋ?

3. ಯಾವ ಪಕ್ಷ?

ಮೊದಲ ಆಟಕ್ಕೆ ಎಲ್ಲರೂ ದೂತರಾಗಿ. ‘ನಾನೊಬ್ಬ ಸೈತಾನ ಆಗ್ತೀನಿ’ ಎನ್ನುವ ಒಬ್ಬರು ಇದ್ದೇ ಇರುತ್ತಾರೆ. ಬೇಡ. ಎರಡೂ ಕಡೆಯವರು ಒಂದೇ ಟೇಬಲ್‌ನಲ್ಲಿ ಇದ್ದರೆ ಮೊದಲ ಗಂಟೆ ಗುಟ್ಟಲ್ಲಿ, ಎರಡನೇ ಗಂಟೆ ಜಗಳದಲ್ಲಿ ಕಳೆಯುತ್ತದೆ. ಆಟ ಪಳಗಿದ ಮೇಲೆ ಎಲ್ಲರೂ ಸೈತಾನರಾಗಿ ಒಂದು ವಾರ ಆಡಿ, ಬೇರೆಯದೇ ಮಜಾ.

4. ಜಾತಿ ಆರಿಸುವುದು: ಇಲ್ಲೇ ಸಮಯ ಕೊಡಿ

ಎಲ್ಲರೂ ಶಕ್ತಿ ನೋಡಿ ಆರಿಸುತ್ತಾರೆ. ನಾನು ಹೇಳುವುದು ಉಲ್ಟಾ: ‘ಈ ದೂತ ಏನು ಮಾಡಬಾರದು’ ಎಂಬುದನ್ನು ನೋಡಿ ಆರಿಸಿ. ಶಕ್ತಿ ಗಂಟೆಗೆ ಎರಡು ಸಲ ಉಪಯೋಗಕ್ಕೆ ಬರಬಹುದು. ಕಟ್ಟುಪಾಡು ಪ್ರತಿ ಮಾತಿಗೂ ಅಡ್ಡ ಬರುತ್ತದೆ, ಕಥೆ ಹುಟ್ಟುವುದೂ ಅಲ್ಲೇ. ದೂತರ ಜಾತಿಗೆ ಕಾಯರ್ ಎನ್ನುತ್ತಾರೆ, ಮುಖ್ಯವಾದವು ಏಳು.

ಸೆರಾಫ್: ಎದುರಿನವರ ಮಾತು ನಿಜವೋ ಸುಳ್ಳೋ ತಿಳಿಯಬಲ್ಲ. ತಾನು ಸುಳ್ಳು ಹೇಳಿದರೆ ಅಪಶ್ರುತಿ. ಸುಮ್ಮನಿರಬಹುದು. ನಿಜವನ್ನೇ ತಿರುಚಿ ಹೇಳಿ ಮೋಸ ಮಾಡಬಹುದಾ ಎಂದು ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಇದಕ್ಕೆ ಉತ್ತರ ‘ಅಶ್ವತ್ಥಾಮೋ ಹತಃ’. ಅಷ್ಟಕ್ಕೇ ಧರ್ಮರಾಯನ ರಥ ನೆಲ ಮುಟ್ಟಿತು ಅಲ್ವಾ? ನಾವು ಅಪಶ್ರುತಿ ಕೊಡುತ್ತೇವೆ. ನಿಮ್ಮ ಮೇಷ್ಟ್ರು ಬೇರೆ ಹೇಳಬಹುದು, ಆದರೆ ಮೊದಲೇ ಹೇಳಲಿ. ಹೆಸರು ಕೇಳಿದರೆ ಸೆರಾಫ್ ಏನು ಮಾಡಬೇಕು? ‘ಇಲ್ಲಿ ನನ್ನನ್ನ ರಮೇಶ ಅಂತ ಕರೀತಾರೆ’ ಎಂದರೆ ಆಯಿತು. ಅದು ನಿಜವೇ.

ಕೆರೂಬ್: ಒಬ್ಬ ವ್ಯಕ್ತಿಗೋ ವಸ್ತುವಿಗೋ ತನ್ನನ್ನು ಕಟ್ಟಿಕೊಳ್ಳುವ ಕಾವಲುಗಾರ. ಅದು ಎಲ್ಲಿದ್ದರೂ ಅವನಿಗೆ ಗೊತ್ತಾಗುತ್ತದೆ. ಅದಕ್ಕೆ ಪೆಟ್ಟಾದರೆ ಇವನಿಗೆ ಅಪಶ್ರುತಿ. ಹೊಸಬರು ಸಿಕ್ಕಸಿಕ್ಕವರಿಗೆಲ್ಲ ಕಟ್ಟಿಕೊಂಡು ಒದ್ದಾಡುತ್ತಾರೆ. ಒಬ್ಬರು ಸಾಕು.

ಓಫಾನೈಟ್: ಹೀಬ್ರೂನಲ್ಲಿ ಓಫಾನಿಮ್ ಎಂದರೆ ಚಕ್ರಗಳು. ನಿಜರೂಪದಲ್ಲಿ ಇವನು ಉರಿಯುವ ಚಕ್ರ. ಚಲನೆಯೇ ಇವನ ಜೀವ. ಹೋಗಬೇಕಾದ ಕಡೆ ಹೋಗದಂತೆ ಹಿಡಿದು ಕೂರಿಸಿದರೆ ಅಪಶ್ರುತಿ. ಪ್ರೈವೇಟ್ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಾ ‘ರೈಟ್ ರೈಟ್’ ಎನ್ನುವ ಹುಡುಗನ ವೇಷ ಇವನಿಗೆ ಹೇಳಿ ಮಾಡಿಸಿದ್ದು.

ಎಲೊಹೈಟ್: ಬೇರೆಯವರ ಮನಸ್ಸಿನ ಭಾವ ಓದುತ್ತಾನೆ. ತನ್ನ ಭಾವಕ್ಕೆ ಸೋತು ಕೆಲಸ ಮಾಡುವಂತಿಲ್ಲ. ಸಿಟ್ಟು ಬರಬಹುದು, ಸಿಟ್ಟಿನಿಂದ ಹೊಡೆಯಬಾರದು. ಆಡಲು ಕಷ್ಟ. ಮಾತು ಕಡಿಮೆ, ಗಮನ ಜಾಸ್ತಿ ಇರುವವರಿಗೆ ಕೊಡಿ.

ಮಲಕೈಟ್: ಪ್ರತಿಜ್ಞೆಯ ಯೋಧ. ಕೈಯಲ್ಲಾಗುವಾಗ ಕೆಟ್ಟದ್ದನ್ನು ಬದುಕಗೊಡಬಾರದು, ಶರಣಾಗಬಾರದು. ಇದರ ಮೇಲೆ ತನ್ನದೇ ಪ್ರತಿಜ್ಞೆಗಳೂ ಇರುತ್ತವೆ, ಮುರಿದರೆ ಅಪಶ್ರುತಿ. ಈ ಜಾತಿಯಿಂದ ಇದುವರೆಗೆ ಒಬ್ಬನೂ ಸೈತಾನನಾಗಿಲ್ಲ. ಹೊಸ ಹುಡುಗರೆಲ್ಲ ಇದನ್ನೇ ಕೇಳುತ್ತಾರೆ. ಟೇಬಲ್‌ಗೆ ಒಬ್ಬನೇ ಇರಲಿ, ಇಲ್ಲದಿದ್ದರೆ ಮೂರು ಗಂಟೆಯೂ ಬರೀ ಹೊಡೆದಾಟ.

ಕಿರಿಯೊಟೇಟ್: ಸ್ವಂತ ಮೈ ಬೇಡ, ಬೇರೆಯವರ ಮೈ ಹೊಕ್ಕು ಕೆಲಸ ಮಾಡುತ್ತಾನೆ. ಒಂದೇ ಸಲಕ್ಕೆ ಎರಡು ಕಾಗೆ, ಒಂದು ಬೀದಿನಾಯಿ ಆಗಬಲ್ಲ. ಬಿಟ್ಟುಹೋಗುವಾಗ ಆ ಮೈಗೆ ಹಾನಿ ಆಗಿರಬಾರದು, ಮೊದಲಿಗಿಂತ ಚೆನ್ನಾಗಿದ್ದರೆ ಇನ್ನೂ ಒಳ್ಳೆಯದು. ನಮ್ಮ ಟೇಬಲ್‌ನ ಒಬ್ಬಳು ನಾಯಿಯ ಮೈ ಬಿಡುವ ಮುಂಚೆ ಅದರ ಕಿವಿಯ ಉಣ್ಣೆ ತೆಗೆಸಲು ಅರ್ಧ ಗಂಟೆ ಆಟ ನಿಲ್ಲಿಸಿದ್ದಳು. ಆಡುವುದೆಂದರೆ ಹಾಗೆ.

ಮರ್ಕ್ಯೂರಿಯನ್: ಯಾರಿಗೆ ಯಾರು ಏನಾಗಬೇಕು, ಯಾರ ಮೇಲೆ ಯಾರಿಗೆ ಮುನಿಸು ಎಂದು ನೋಡಿದ ಕೂಡಲೇ ತಿಳಿಯುವ ಜನಸ್ನೇಹಿ. ಮನುಷ್ಯರ ಮೇಲೆ ಕೈ ಮಾಡಿದರೆ ಅಪಶ್ರುತಿ. ಮೊದಲ ಸಲ ಆಡುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ಮಲಕೈಟ್ ಬಿಟ್ಟು ಉಳಿದ ಆರಕ್ಕೂ ಬಿದ್ದಮೇಲಿನ ರೂಪ ಇದೆ. ಸೆರಾಫ್ ಬಿದ್ದರೆ ಬಾಲ್‌ಸೆರಾಫ್, ತನ್ನ ಸುಳ್ಳನ್ನು ಊರೇ ನಂಬುವಂತೆ ಮಾಡುವವನು. ಮರ್ಕ್ಯೂರಿಯನ್ ಬಿದ್ದರೆ ಇಂಪ್ಯುಡೈಟ್, ಜನರನ್ನು ಮರುಳು ಮಾಡಿ ಅವರ ಸತ್ವ ಹೀರುವವನು. ಕಿರಿಯೊಟೇಟ್ ಬಿದ್ದರೆ ಶೆಡೈಟ್, ಹೊಕ್ಕ ಮನುಷ್ಯನನ್ನು ದಿನದಿನಕ್ಕೂ ಕೆಡಿಸುವವನು. ಗಮನಿಸಿ, ಶಕ್ತಿ ಹೆಚ್ಚೂಕಡಿಮೆ ಅದೇ. ಕಟ್ಟುಪಾಡು ಕಳಚಿದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಪಟ್ಟಿ. ಸೈತಾನರ ಜಾತಿಗಳಲ್ಲಿ ಲಿಲಿಮ್ ಮಾತ್ರ ಯಾವ ದೂತಜಾತಿಯ ಬಿದ್ದ ರೂಪವೂ ಅಲ್ಲ, ಲಿಲಿತ್ ಎಂಬವಳು ಸೃಷ್ಟಿಸಿದವರು. ನಿಮಗೆ ಏನು ಬೇಕು ಎಂದು ಕಣ್ಣಲ್ಲೇ ಓದಿ, ಅದನ್ನು ಕೊಟ್ಟು, ಋಣದಲ್ಲಿ ಕಟ್ಟಿಹಾಕುತ್ತಾರೆ.

5. ಯಜಮಾನ, ಅಂಕಿ

ಪ್ರತಿ ದೂತನೂ ಒಬ್ಬ ಆರ್ಚ್‌ಏಂಜಲ್ ಕೈಕೆಳಗೆ ಇರುತ್ತಾನೆ. ಬೈಬಲಿನ ಕನ್ನಡದಲ್ಲಿ ಪ್ರಧಾನ ದೂತ. ಮೈಕೆಲ್‌ದು ಯುದ್ಧ, ಡೊಮಿನಿಕ್‌ದು ನ್ಯಾಯ, ನೊವಾಲಿಸ್‌ದು ಹೂವು, ಮಾರ್ಕ್‌ದು ವ್ಯಾಪಾರ, ಈವ್‌ದು ನಾವು ಎತ್ತರ ಎಂದ ಡೆಸ್ಟಿನಿ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕಥೆ ನಡೆಸುವುದಾದರೆ ಮಾರ್ಕ್, ಪಾವಗಡದ ಸೋಲಾರ್ ಪಾರ್ಕಿನಲ್ಲಾದರೆ ಮಿಂಚಿನ ಒಡೆಯ ಜೀನ್. ಇದಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ.

ಈಗ ಅಂಕಿ. ಹೊಸ ದೂತನಿಗೆ 9 ಫೋರ್ಸ್, ಅಂದರೆ ಬಲ. ಇವನ್ನು ಮೈ, ಬುದ್ಧಿ, ಆತ್ಮ ಎಂಬ ಮೂರು ಕಡೆ ಹಂಚಬೇಕು. ಒಂದು ಬಲಕ್ಕೆ 4 ಅಂಕ. ಮೈಯ ಅಂಕಗಳನ್ನು ಕಸುವು ಮತ್ತು ಚುರುಕಿಗೆ, ಬುದ್ಧಿಯವನ್ನು ಜಾಣತನ ಮತ್ತು ನಿಖರತೆಗೆ, ಆತ್ಮದವನ್ನು ಛಲ ಮತ್ತು ಗ್ರಹಿಕೆಗೆ ಹಂಚಿ. ಮೂರು ಕಡೆಗೂ ಮೂರು ಮೂರು ಕೊಟ್ಟರೆ ಪ್ರತಿ ಜೋಡಿಗೆ 12 ಅಂಕ, ಆರು ಆರು ಎಂದು ಒಡೆದರೆ ಲೆಕ್ಕ ಮುಗಿಯಿತು. ಮೊದಲ ಪಾರ್ಟಿಗೆ ಇಷ್ಟೇ ಮಾಡಿ.

ಇಲ್ಲಿ ಆಗುವ ತಪ್ಪು ಒಂದೇ. ಹೊಡೆದಾಟದ ಆಸೆಗೆ ಎಲ್ಲವನ್ನೂ ಮೈಗೆ ಸುರಿದು ಆತ್ಮಕ್ಕೆ ಒಂದೇ ಬಲ ಬಿಡುವುದು. ಸೆರಾಫನ ಮಿಡಿತ ನಡೆಯುವುದೇ ಗ್ರಹಿಕೆಯ ಮೇಲೆ. ಅದು 2 ಇದ್ದರೆ ಅವನು ದೊಡ್ಡ ರಟ್ಟೆಯ ಮಾಮೂಲಿ ಮನುಷ್ಯ.

6. ದಾಳ

ಮೂರು ದಾಳ ಒಟ್ಟಿಗೆ ಉರುಳಿಸಿ. ಒಂದೇ ಬಣ್ಣದ ಎರಡನ್ನು ಕೂಡಿ. ಮೊತ್ತ ನಿಮ್ಮ ಗುರಿ ಅಂಕಿಗೆ ಸಮ ಅಥವಾ ಕಡಿಮೆ ಇದ್ದರೆ ಕೆಲಸ ಆಯಿತು. ಬಣ್ಣ ಹಚ್ಚಿದ ಮೂರನೆಯದನ್ನು ಕೂಡಬೇಡಿ. ಅದು ಎಷ್ಟು ಚೆನ್ನಾಗಿ ಆಯಿತು ಅಥವಾ ಎಷ್ಟು ಕೆಟ್ಟದಾಗಿ ಕೆಟ್ಟಿತು ಎಂದು ಹೇಳುತ್ತದೆ.

ಉದಾಹರಣೆ. ಸೈಟ್ ಬ್ರೋಕರ್ ಒಬ್ಬ ‘ಪೇಪರ್ ಎಲ್ಲ ಕ್ಲಿಯರ್ ಇದೆ ಸಾರ್’ ಎನ್ನುತ್ತಿದ್ದಾನೆ. ಸೆರಾಫನ ಗ್ರಹಿಕೆ 6. ಅವನು 2 ಎಸೆನ್ಸ್ ಸುರಿಯುತ್ತಾನೆ. ಒಂದಕ್ಕೆ ಒಂದರಂತೆ ಗುರಿ 8 ಆಯಿತು. ದಾಳದಲ್ಲಿ 4 ಮತ್ತು 3, ಬಣ್ಣದ್ದು 5. ಮೊತ್ತ 7, ಗೆದ್ದ. ಬಣ್ಣದ ದಾಳ 5 ಇರುವುದರಿಂದ ‘ಸುಳ್ಳು’ ಎಂಬುದಷ್ಟೇ ಅಲ್ಲ, ಅದರ ಹಿಂದಿನ ನಿಜವೂ ಸುಮಾರಾಗಿ ಕಾಣುತ್ತದೆ. ಬಣ್ಣದ್ದು 1 ಬಿದ್ದಿದ್ದರೆ ಮಾತು ಸರಿಯಿಲ್ಲ ಎಂಬ ಸುಳಿವು ಮಾತ್ರ.

ಎಸೆನ್ಸನ್ನು ದಾಳ ಎಸೆಯುವ ಮುಂಚೆಯೇ ಸುರಿಯಬೇಕು. ಎಲ್ಲಿ ಸುರಿದರೆ ಲಾಭ? ಎರಡು ದಾಳದಲ್ಲಿ 36 ಸಾಧ್ಯತೆ. ಗುರಿ 6 ಇದ್ದರೆ 15 ಸಲ ಗೆಲುವು, 7 ಆದರೆ 21. ಒಂದೇ ಎಸೆನ್ಸಿಗೆ ಆರು ಸಾಧ್ಯತೆ ಹೆಚ್ಚಿತು. ಅದೇ 10ರಿಂದ 11ಕ್ಕೆ ಏರಿಸಿದರೆ 33 ಇದ್ದದ್ದು 35 ಆಗುತ್ತದೆ, ದಂಡ. ನಡುವಿನ ಅಂಕಿಗಳ ಹತ್ತಿರ ಖರ್ಚು ಮಾಡಿ.

ದೂತರಿಗೆ ಸೂರ್ಯ ಹುಟ್ಟುವಾಗ ಒಂದು ಎಸೆನ್ಸ್ ಬರುತ್ತದೆ, ಸೈತಾನರಿಗೆ ಸೂರ್ಯ ಮುಳುಗುವಾಗ, ಮನುಷ್ಯರಿಗೆ ನಡುಮಧ್ಯಾಹ್ನ. ಆದ್ದರಿಂದ ಕಥೆಯಲ್ಲಿ ಈಗ ಎಷ್ಟು ಗಂಟೆ ಎಂದು ಮೇಷ್ಟ್ರು ಬರೆದಿಟ್ಟುಕೊಳ್ಳಲೇಬೇಕು. ಸಂಜೆ ಆರೂವರೆಯ ಜಗಳಕ್ಕೂ ಬೆಳಗಿನ ಜಾವದ ಜಗಳಕ್ಕೂ ಬಹಳ ವ್ಯತ್ಯಾಸ.

ಮೂರೂ 1 ಬಿದ್ದರೆ, ಅಂದರೆ 111, ದೇವರೇ ಕೈ ಹಾಕಿದ ಹಾಗೆ. 666 ಬಿದ್ದರೆ ಲೂಸಿಫರ್ ಕಡೆಯ ಕೈವಾಡ. 216ರಲ್ಲಿ ಒಂದೊಂದು ಸಲ ಮಾತ್ರ ಬರುವ ಅಂಕಿಗಳಿವು. 111 ದೂತರಿಗೆ ಒಳ್ಳೆಯದು, ಸೈತಾನರಿಗೆ ಕೇಡು, 666 ತಿರುಗಾಮುರುಗಾ. ಏನಾಗುತ್ತದೆ ಎಂದು ಮೇಷ್ಟ್ರು ಸ್ಥಳದಲ್ಲೇ ಕಟ್ಟಬೇಕು. ಇದನ್ನು ‘ನಿನಗೆ ಎರಡು ಅಂಕ ಜಾಸ್ತಿ’ ಎಂದು ಚಿಲ್ಲರೆ ಮಾಡಬೇಡಿ. ಮುಚ್ಚಿದ್ದ ರೈಲ್ವೆ ಗೇಟು ತಾನೇ ತೆರೆಯಲಿ, ಹತ್ತು ವರ್ಷದಿಂದ ನಿಂತ ಗಡಿಯಾರ ಹೊಡೆಯಲಿ.

7. ಅಪಶ್ರುತಿ ಮತ್ತು ಸದ್ದು

ಈ ಎರಡನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಅಪಶ್ರುತಿ ನಿಮ್ಮೊಳಗಿನದು, ಸ್ವಭಾವ ಮೀರಿದರೆ ಬರುತ್ತದೆ. ಕೂಡುತ್ತಾ ಹೋದರೆ ಶಾಶ್ವತ ಊನವಾಗಬಹುದು. ಅದರ ಹೆಸರು ಡಿಸ್ಕಾರ್ಡ್, ಮೊಬೈಲಿನಲ್ಲಿ ಹರಟುವ ಆ್ಯಪ್ ಅಲ್ಲ. ಇನ್ನೂ ಕೂಡಿದರೆ ದೂತ ಬೀಳಬಹುದು. ತೊಳೆದುಕೊಳ್ಳಬೇಕಾದರೆ ಯಜಮಾನನ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳಬೇಕು. ಅವನು ಬಿಟ್ಟಿಯಾಗಿ ತೊಳೆಯುತ್ತಾನೆ ಎಂದೇನಿಲ್ಲ.

ಸದ್ದು, ಪುಸ್ತಕದ ಮಾತಲ್ಲಿ ಡಿಸ್ಟರ್ಬೆನ್ಸ್, ಹೊರಗಿನದು. ಮನುಷ್ಯನೊಬ್ಬ ಗಾಜು ಒಡೆದರೆ ಸಿಂಫನಿಗೆ ಏನೂ ಆಗದು, ಅವನು ಅದರೊಳಗಿನವನೇ. ದೂತನೋ ಸೈತಾನನೋ ಒಡೆದರೆ ಕಲಕುತ್ತದೆ, ಹತ್ತಿರವಿರುವ ಇನ್ನೊಬ್ಬ ದೂತ ಅಥವಾ ಸೈತಾನನಿಗೆ ಕೇಳಿಸಬಹುದು. ಆಸ್ತಿ ಹಾಳು ಮಾಡುವುದು, ಮನುಷ್ಯರನ್ನು ಗಾಯಗೊಳಿಸುವುದು, ಕೊಲ್ಲುವುದು, ಸಾಂಗ್ ಎಂಬ ಮಂತ್ರದಂಥ ಹಾಡು ಹಾಡುವುದು ಎಲ್ಲಕ್ಕೂ ಸದ್ದಿದೆ. ಬಟವಾಡಿಯಲ್ಲಿ ಬಾಗಿಲು ಮುರಿದರೆ ಪಕ್ಕದ ಬೀದಿಯ ಸೈತಾನ ತಲೆ ಎತ್ತುತ್ತಾನೆ. ಈ ನಿಯಮ ಮರೆತ ಟೇಬಲ್‌ನಲ್ಲಿ ದೂತರು ಸುಮ್ನೆ ಪುಂಡರಾಗಿಬಿಡುತ್ತಾರೆ.

8. ಮೊದಲ ಕಥೆ

ಸ್ವರ್ಗ, ನರಕ, ಕನಸಿನ ಲೋಕ ಎಲ್ಲ ಆಮೇಲೆ. ಮೊದಲ ಕಥೆಗೆ ಒಂದು ಬೀದಿ ಸಾಕು. ಬೇಕಿದ್ದರೆ ಇದನ್ನೇ ಎತ್ತಿಕೊಳ್ಳಿ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮಾಡುವ ಒಬ್ಬ ಅಜ್ಜಿ. ಈ ವಾರ ಅವಳು ತನ್ನ ಎತ್ತರ ಮುಟ್ಟಲಿದ್ದಾಳೆ ಎಂದು ಈವ್ ಕಡೆಯಿಂದ ಸುದ್ದಿ, ಏನು ಹೇಗೆ ಎಂದು ಹೇಳಿಲ್ಲ. ಅದೇ ಬೀದಿಯಲ್ಲಿ ಒಬ್ಬಳು ಕೈಸಾಲ ಕೊಡುತ್ತಿದ್ದಾಳೆ. ‘ಬಡ್ಡಿ ಬೇಡ ಅಜ್ಜಿ, ಯಾವತ್ತಾದ್ರೂ ಒಂದು ಉಪಕಾರ ಮಾಡು’ ಎನ್ನುತ್ತಾಳೆ. ಅವಳು ಲಿಲಿಮ್. ಅಜ್ಜಿಯ ಮೊಮ್ಮಗ ಆಗಲೇ ಋಣದಲ್ಲಿದ್ದಾನೆ.

ಕೆರೂಬ್ ಅಜ್ಜಿಗೆ ಕಟ್ಟಿಕೊಂಡ ಪಾತ್ರೆ ತೊಳೆಯುವ ಹುಡುಗ. ಮರ್ಕ್ಯೂರಿಯನ್ ಆಟೊ ಡ್ರೈವರ್. ಸೆರಾಫ್ ಕೋರ್ಟ್ ಮುಂದೆ ಅರ್ಜಿ ಟೈಪ್ ಮಾಡುವವನು. ಓಫಾನೈಟ್ ಬಸ್ಸಿನ ಹುಡುಗ. ಇನ್ನು ಮೇಷ್ಟ್ರು ಮಾಡಬೇಕಾದ್ದು, ಒಬ್ಬೊಬ್ಬರ ಕಟ್ಟುಪಾಡಿಗೆ ಒಂದೊಂದು ಕೊಕ್ಕೆ ಹಾಕುವುದು. ಹೋಟೆಲ್ ಮುಂದೆ ರೌಡಿಗಳು ಬರಲಿ, ಅವರು ಬರೀ ಮನುಷ್ಯರಾಗಿರಲಿ. ಮರ್ಕ್ಯೂರಿಯನ್ ಏನು ಮಾಡುತ್ತಾನೆ? ‘ನನ್ ಮೊಮ್ಮಗ ಕದ್ದಿಲ್ಲ ತಾನೆ?’ ಎಂದು ಅಜ್ಜಿ ನೇರವಾಗಿ ಸೆರಾಫನ ಕಣ್ಣು ನೋಡಿ ಕೇಳಲಿ. ಓಫಾನೈಟ್‌ನನ್ನು ಪೊಲೀಸರು ವಿಚಾರಣೆಗೆಂದು ಬೆಂಚಿನ ಮೇಲೆ ಕೂರಿಸಲಿ. ದಾಳ ಮುಟ್ಟುವ ಮೊದಲೇ ಟೇಬಲ್ ಬಿಸಿಯಾಗುತ್ತದೆ.

ಅಜ್ಜಿಯ ಎತ್ತರ ಏನು ಎಂದು ಮೊದಲೇ ಗಟ್ಟಿ ಮಾಡಬೇಡಿ. ಆಟಗಾರರು ಅವಳೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆ ನೋಡಿ ಕೊನೆಯಲ್ಲಿ ಆರಿಸಿ.

9. ನಂಬಿಕೆಯ ವಿಷಯ

ಆಡುವ ಮುಂಚೆ ಐದು ನಿಮಿಷ ಮಾತಾಡಿ. ‘ಸೈತಾನನ ಪಾತ್ರ ಮಾಡಿದರೆ ಪಾಪ ಅಲ್ವಾ’ ಎನ್ನುವವರಿಗೆ ನಮ್ಮ ಜಿಲ್ಲೆಯ ಹಳ್ಳಿಗಳೇ ಉತ್ತರ. ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಪಾರ್ಟಿಗೆ ದುಡ್ಡು ಕೊಟ್ಟು ಪೈಪೋಟಿ ಮಾಡುತ್ತಾರೆ. ಆದರೂ ಯಾರಿಗಾದರೂ ಮನಸ್ಸಿಗೆ ಹಿಂಸೆ ಆದರೆ ಒತ್ತಾಯ ಬೇಡ. ಕ್ರಿಶ್ಚಿಯನ್ ಗೆಳೆಯರಿಗೆ ಇದು ಬೈಬಲ್ ಪಾಠ ಅಲ್ಲ, ಆಟ ಕಟ್ಟಿದವರ ಕಲ್ಪನೆ ಎಂದು ಹೇಳಿ. ಮುಸ್ಲಿಂ ಗೆಳೆಯರಿದ್ದರೆ, ಆಟದಲ್ಲಿ ‘ಜಿನ್’ ಎಂದರೆ ಬಿದ್ದ ಕೆರೂಬ್, ಅವರು ಕೇಳಿದ ಜಿನ್ ಅಲ್ಲ ಎಂದು ಮೊದಲೇ ತಿಳಿಸಿ.

ನನಗೆ ಹಿಡಿಸದ ಒಂದು ಭಾಗವೂ ಇದೆ. ಬೇರೆ ಧರ್ಮಗಳ ಹಳೆಯ ದೇವರುಗಳು ಮನುಷ್ಯರ ಕನಸಿನಲ್ಲಿ ಹುಟ್ಟಿದ ಚೇತನಗಳು ಎಂದು ಆಟ ಹೇಳುತ್ತದೆ. ಯೂರೋಪಿನ ಓದುಗರಿಗೆ ಅದು ಬರೀ ಪುರಾಣ ಇರಬಹುದು. ದೇವರಾಯನದುರ್ಗದ ನರಸಿಂಹನಿಗೆ ಇವತ್ತೂ ಮುಡಿಪು ಕಟ್ಟುವ ಮನೆಯವರು ಟೇಬಲ್‌ನಲ್ಲಿ ಕೂತಿರುವಾಗ ಅದು ಬೇರೆಯೇ ಮಾತು. ನಾವು ಆ ಅಧ್ಯಾಯವನ್ನು ಪೂರ್ತಿ ಕೈಬಿಟ್ಟಿದ್ದೇವೆ, ಆಟಕ್ಕೆ ಏನೂ ಕೊರತೆ ಆಗಿಲ್ಲ. ಹಾಗೆಯೇ ನಿಜವಾದ ಮಠ, ಗುಡಿ, ದರ್ಗಾ, ಬದುಕಿರುವವರು ಯಾರನ್ನೂ ಕಥೆಯ ಖಳ ಮಾಡಬೇಡಿ.

10. ಏಳುವ ಮುಂಚೆ

ಆಟ ನಿಲ್ಲಿಸಿದ ಕೂಡಲೇ ಮೂರು ವಿಷಯ ಬರೆದಿಡಿ: ಯಾರಿಗೆ ಎಷ್ಟು ಅಪಶ್ರುತಿ, ಎಷ್ಟು ಎಸೆನ್ಸ್ ಉಳಿದಿದೆ, ಲಿಲಿಮ್‌ಗೆ ಯಾರು ಏನು ಋಣ ಹೊತ್ತಿದ್ದಾರೆ. ಮೊದಲೆರಡು ಆಟಗಾರರ ನೋಟ್‌ಬುಕ್ಕಿನಲ್ಲಿ ಇದ್ದರೆ ಸಾಕು. ಋಣದ ಚೀಟಿ ಮಾತ್ರ ಮೇಷ್ಟ್ರ ಹತ್ತಿರವೇ ಇರಲಿ. ಆಟಗಾರರ ಕೈಗೆ ಕೊಟ್ಟರೆ ಮುಂದಿನ ವಾರದ ಹೊತ್ತಿಗೆ ಅದು ಕಳೆದುಹೋಗಿರುತ್ತದೆ, ಅದೂ ಬೇಕಂತಲೇ.